ಸುಸ್ತಾಗುವ ಮೊದಲೇ ಸುಧಾರಿಸಿಕೊಳ್ಳಿ

ಕೇಳುಗರಿಗೆ ನಮಸ್ಕಾರ.

ಮೊದಲಿಗೆ ನಿಮ್ಮಿಂದ ಒಂದು ಸಣ್ಣ ಕೆಲಸ ಆಗಬೇಕು. ಗಾಡಿ ಓಡಿಸುತ್ತಿರುವವರು, ಯಂತ್ರದ ಮುಂದೆ ನಿಂತಿರುವವರು ಈಗ ಬೇಡ, ಬಿಡುವಾದಾಗ ಮಾಡಿ. ಉಳಿದವರು ಕೇಳಿ. ಎರಡೂ ಹೆಬ್ಬೆರಳುಗಳಿಂದ ಕಿವಿಯ ತೂತನ್ನು ಮೆಲ್ಲಗೆ ಮುಚ್ಚಿಕೊಳ್ಳಬೇಕು. ಮೊಣಕೈಗಳನ್ನು ಹೆಗಲ ಮಟ್ಟಕ್ಕೆ ಎತ್ತಬೇಕು. ಆಮೇಲೆ ಉಳಿದ ಬೆರಳು ಮಡಚಿ ಮುಷ್ಟಿ ಬಿಗಿಯಬೇಕು. ಕಿವಿ ಮುಚ್ಚಿಕೊಂಡ ಮೇಲೆ ನನ್ನ ಮಾತು ಕೇಳಿಸುವುದಿಲ್ಲವಲ್ಲ, ಅದಕ್ಕೇ ಎಲ್ಲವನ್ನೂ ಮೊದಲೇ ಹೇಳಿಬಿಟ್ಟೆ. ಮಾಡಿ ನೋಡಿ, ಕಾಯುತ್ತೇನೆ.

ಕೇಳಿಸಿತೇ? ಗುಡುಗುಡು ಎನ್ನುವ ದಪ್ಪ ಸದ್ದು. ಮುಷ್ಟಿ ಬಿಗಿದಷ್ಟೂ ಜೋರು, ಸಡಿಲ ಬಿಟ್ಟರೆ ತಗ್ಗುತ್ತದೆ. ಅದು ರಕ್ತ ಹರಿಯುವ ಸದ್ದೂ ಅಲ್ಲ, ಗಾಳಿಯ ಸದ್ದೂ ಅಲ್ಲ. ನಿಮ್ಮ ತೋಳಿನ ಸ್ನಾಯು ಕೆಲಸ ಮಾಡುವ ಸದ್ದು. ಇಟಲಿಯ ಗ್ರಿಮಾಲ್ಡಿ ಎಂಬ ವಿಜ್ಞಾನಿ ಇದನ್ನು ಗಮನಿಸಿ ಬರೆದಿಟ್ಟಿದ್ದರು, ಅದು ಅಚ್ಚಾದದ್ದು 1665ರಲ್ಲಿ. 1810ರಲ್ಲಿ ಲಂಡನ್ನಿನ ವೊಲಾಸ್ಟನ್ ಅವರು ಕಲ್ಲುಹಾಸಿನ ಬೀದಿಯಲ್ಲಿ ಓಡುವ ಕುದುರೆಗಾಡಿಯ ಸದ್ದಿನ ಜೊತೆಗೆ ಇದನ್ನು ಹೋಲಿಸಿ, ಸ್ನಾಯು ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಎಂದು ಲೆಕ್ಕ ಹಾಕಿದರು. ಅವರು ನೆಚ್ಚಿಕೊಂಡದ್ದು ತಮ್ಮ ಕಿವಿಯನ್ನೇ.

ಇದನ್ನು ಯಾಕೆ ಹೇಳಿದೆ ಅಂದರೆ, ದುಡಿಯುವ ಸ್ನಾಯು ಯಾವತ್ತೂ ಸುಮ್ಮನಿರುವುದಿಲ್ಲ. ಸದ್ದು ಮಾಡುತ್ತದೆ, ನಡುಗುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ವಿದ್ಯುತ್ತನ್ನು ಹೊಮ್ಮಿಸುತ್ತದೆ. ದಣಿಯತೊಡಗಿದ ಕೂಡಲೇ ಈ ಎಲ್ಲದರ ರೀತಿಯೂ ಬದಲಾಗುತ್ತದೆ. ಆದರೆ ಕೆಲಸದ ಭರದಲ್ಲಿರುವ ನಮಗೆ ಅದು ತಿಳಿಯುವುದೇ ಇಲ್ಲ. ನೀವು ಸೊಂಟ ಹಿಡಿದುಕೊಂಡು "ಉಸ್ಸಪ್ಪಾ, ಸುಸ್ತಾಯ್ತು" ಅನ್ನುವ ಹೊತ್ತಿಗೆ ಸೊಂಟದ ಸ್ನಾಯು ಆ ಮಾತನ್ನು ಹೇಳಿ ಬಹಳ ಹೊತ್ತಾಗಿರುತ್ತದೆ. ಇವತ್ತಿನ ನನ್ನ ಮಾತೆಲ್ಲ ಇಷ್ಟೇ: ಸುಸ್ತಾಗುವ ಮೊದಲೇ ಸುಧಾರಿಸಿಕೊಳ್ಳಿ. ಆ "ಮೊದಲೇ" ಎನ್ನುವುದು ಯಾವ ಹೊತ್ತು ಎಂದು ತೋರಿಸುವುದಕ್ಕೇ ಮೈಮೇಲೆ ತೊಡುವ ಸೆನ್ಸರ್‌ಗಳು ಬಂದಿರುವುದು.

ವಿದ್ಯುತ್ ಎಂದ ಕೂಡಲೇ ಹೆದರಬೇಡಿ. ನಾವು ಹೊರಗಿನಿಂದ ಏನನ್ನೂ ಹರಿಸುವುದಿಲ್ಲ, ಒಳಗಿನದನ್ನು ಕೇಳಿಸಿಕೊಳ್ಳುತ್ತೇವೆ, ಅಷ್ಟೇ. ಮಿದುಳಿನಿಂದ ಹೊರಟ ಆಜ್ಞೆ ಬೆನ್ನುಹುರಿಗೆ ಇಳಿದು, ಅಲ್ಲಿಂದ ನರದ ಮೂಲಕ ಸ್ನಾಯುವಿಗೆ ಬರುತ್ತದೆ. ಒಂದು ನರತಂತು ಸ್ನಾಯುವಿನ ಹಲವು ಎಳೆಗಳನ್ನು ಒಟ್ಟಿಗೆ ಎಬ್ಬಿಸುತ್ತದೆ. ಕಣ್ಣು ಹೊರಳಿಸುವ ಸ್ನಾಯುವಿನಲ್ಲಿ ಬೆರಳೆಣಿಕೆಯಷ್ಟು ಎಳೆಗಳನ್ನು, ಮೀನಖಂಡದಲ್ಲಾದರೆ ಸಾವಿರಕ್ಕೂ ಹೆಚ್ಚನ್ನು. ಎದ್ದ ಪ್ರತಿ ಎಳೆಯ ಉದ್ದಕ್ಕೂ ವಿದ್ಯುತ್ತಿನ ಅಲೆಯೊಂದು ಓಡುತ್ತದೆ, ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ. ಇಂಥ ನೂರಾರು ಅಲೆಗಳು ಕೂಡಿ ಚರ್ಮದ ಮೇಲಕ್ಕೆ ಬರುವ ಹೊತ್ತಿಗೆ ಒಂದೆರಡು ಮಿಲಿವೋಲ್ಟ್ ಉಳಿದರೆ ಹೆಚ್ಚು. ಸಭಾಂಗಣದ ಬಾಗಿಲು ಹಾಕಿದೆ, ನೀವು ಹೊರಗೆ ನಿಂತಿದ್ದೀರಿ ಅಂದುಕೊಳ್ಳಿ. ಯಾರು ಏನು ಮಾತಾಡಿದರು ಅಂತ ತಿಳಿಯದು, ಆದರೆ ಒಳಗೆ ಗದ್ದಲ ಏರಿತೋ ಇಳಿಯಿತೋ, ದನಿ ಚುರುಕಾಗಿದೆಯೋ ಮಂಕಾಗಿದೆಯೋ ಎಂದು ಹೇಳಬಹುದು. ನಾವು ಮಾಡುವುದೂ ಅಷ್ಟೇ.

ಇದಕ್ಕೆ ಇಎಂಜಿ ಎಂದು ಹೆಸರು. ಹೃದಯದ ಇಸಿಜಿ ನಿಮಗೆಲ್ಲ ಗೊತ್ತು, ಇದು ಅದರ ತಮ್ಮ. ಚರ್ಮದ ಮೇಲೆ ಎರಡು ಸೆಂಟಿಮೀಟರ್ ಅಂತರದಲ್ಲಿ ಎರಡು ಪುಟ್ಟ ಬಿಲ್ಲೆಗಳನ್ನು ಅಂಟಿಸುತ್ತೇವೆ. ಎಳೆಗಳು ಯಾವ ದಿಕ್ಕಿಗೆ ಇವೆಯೋ ಅದೇ ದಿಕ್ಕಿಗೆ, ಸ್ನಾಯುವಿನ ನಡುವಿನ ದಪ್ಪ ಭಾಗದ ಮೇಲೆ ಅಂಟಿಸಬೇಕು, ಅಂಚಿನಲ್ಲಲ್ಲ. ಮೊದಲು ಆ ಜಾಗದ ಕೂದಲು ತೆಗೆದು, ಸ್ಪಿರಿಟ್ಟಿನಿಂದ ಒರೆಸಿ, ಒಣಗಲು ಬಿಡಬೇಕು. ಈ ಒಂದು ನಿಮಿಷದ ಕೆಲಸಕ್ಕೆ ಬೇಸರಪಟ್ಟುಕೊಂಡು ಆಮೇಲೆ "ಯಂತ್ರ ಸರಿಯಿಲ್ಲ" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೊದಲೆಲ್ಲ ಬಿಲ್ಲೆಗಳಿಂದ ವೈರು ಎಳೆದು ದೊಡ್ಡ ಪೆಟ್ಟಿಗೆಗೆ ಸಿಕ್ಕಿಸಬೇಕಿತ್ತು, ಮನುಷ್ಯ ಅಲ್ಲೇ ಕೂರಬೇಕಿತ್ತು. ಈಗ ಬ್ಯಾಟರಿ, ಚಿಪ್ ಎಲ್ಲ ಸೇರಿ ಬೆಂಕಿಪೆಟ್ಟಿಗೆಯಷ್ಟು ಗಾತ್ರ. ಸೆಕೆಂಡಿಗೆ ಸಾವಿರ ಸಲವೋ ಇನ್ನೂ ಹೆಚ್ಚು ಸಲವೋ ಅಳೆದು, ವೈರಿಲ್ಲದೆ ಫೋನಿಗೆ ಕಳಿಸುತ್ತದೆ. ಅಂಗಿಯ ಬಟ್ಟೆಯಲ್ಲೇ ವಿದ್ಯುತ್ ಹರಿಯುವ ನೂಲು ನೇಯ್ದು, ಅಂಟಿಸುವ ಗೋಜೇ ಇಲ್ಲದಂತೆ ಮಾಡಿದ ಉಡುಪುಗಳೂ ಬಂದಿವೆ.

ಸರಿ, ದಣಿವು ಅದರಲ್ಲಿ ಹೇಗೆ ಕಾಣುತ್ತದೆ? ಭಾರದ ಪೆಟ್ಟಿಗೆಯೊಂದನ್ನು ಎದೆಯ ಮಟ್ಟದಲ್ಲಿ ಹಿಡಿದು ನಿಂತಿದ್ದೀರಿ. ಪೆಟ್ಟಿಗೆಯ ತೂಕ ಅಷ್ಟೇ ಇದೆ. ಆದರೆ ಹೊತ್ತು ಕಳೆದ ಹಾಗೆ ಒಂದೊಂದು ಎಳೆಯ ಕಸುವೂ ಕುಗ್ಗುತ್ತದೆ. ಮಿದುಳು ಬಿಡುತ್ತದೆಯೇ, ಮಲಗಿದ್ದ ಎಳೆಗಳನ್ನೂ ಎಬ್ಬಿಸಿ ಕರೆತರುತ್ತದೆ. ಹಾಗಾಗಿ ಗದ್ದಲ ದೊಡ್ಡದಾಗುತ್ತದೆ. ಇದು ಮೊದಲನೆಯ ಗುರುತು. ಅದೇ ಹೊತ್ತಿಗೆ ದುಡಿದ ಎಳೆಗಳಿಂದ ಪೊಟ್ಯಾಸಿಯಂ ಹೊರಬಂದು ಸುತ್ತ ಸೇರಿಕೊಳ್ಳುತ್ತದೆ, ಒಳಗೆ ಆಮ್ಲದ ಅಂಶ ಏರುತ್ತದೆ, ವಿದ್ಯುತ್ತಿನ ಅಲೆಯ ಓಟ ನಿಧಾನವಾಗುತ್ತದೆ. ಚುರುಕಾಗಿದ್ದ ದನಿ ಮಂಕಾಗುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, 80 ಹರ್ಟ್ಜ್, ಅಂದರೆ ಸೆಕೆಂಡಿಗೆ 80 ಏರಿಳಿತ, ಸುಮಾರಿಗೆ ಇದ್ದ ಮಧ್ಯದ ಆವರ್ತನ 60ರ ಕಡೆಗೆ ಜಾರಬಹುದು. ಇದು ಎರಡನೆಯ ಗುರುತು. ಸದ್ದು ದೊಡ್ಡದಾಯಿತು, ದನಿ ಮಾತ್ರ ಮಂಕಾಗಿಲ್ಲ ಎಂದರೆ ಭಾರ ಹೆಚ್ಚಾಗಿದೆ ಎಂದರ್ಥ. ಸದ್ದೂ ದೊಡ್ಡದಾಗಿ ದನಿಯೂ ಮಂಕಾದರೆ ದಣಿವು. ಎರಡನ್ನೂ ಕೂಡಿಸಿ ನೋಡಬೇಕು. ದಣಿದ ಸ್ನಾಯುವಿನ ಲಯ ನಿಧಾನವಾಗುತ್ತದೆ ಎಂಬುದನ್ನು ಜರ್ಮನಿಯ ಪೈಪರ್ ಅವರು 1912ರಲ್ಲೇ ಬರೆದಿದ್ದರು. ನೂರು ವರ್ಷ ದಾಟಿದ ತಿಳಿವಳಿಕೆ ಇದು, ನಿನ್ನೆ ಮೊನ್ನೆಯ ಆ್ಯಪ್ ಕಂಪನಿಗಳು ಕಂಡುಹಿಡಿದದ್ದಲ್ಲ.

ಇಲ್ಲಿ ಗಮನಿಸಿ. ಪೆಟ್ಟಿಗೆ ಹಿಡಿದವರ ಕೈ ಇನ್ನೂ ಜಗ್ಗಿಲ್ಲ, ಮುಖ ಕಿವುಚಿಲ್ಲ. "ಹೇಗಿದೆ?" ಅಂದರೆ "ಏನೂ ಇಲ್ಲ, ಆರಾಮಾಗಿದೆ" ಅನ್ನುತ್ತಾರೆ. ಫೋನಿನಲ್ಲಿ ಆವರ್ತನದ ಗೆರೆ ಆಗಲೇ ಇಳಿಯುತ್ತಿರುತ್ತದೆ. ಇದನ್ನು ಪ್ರಯೋಗಾಲಯದಲ್ಲಿ ಎಷ್ಟು ಸಲ ನೋಡಿದ್ದರೂ ನನಗೆ ಇವತ್ತಿಗೂ ರೋಮಾಂಚನ ಆಗುತ್ತದೆ.

ಈಗ ನನಗೆ ಬಹಳ ಇಷ್ಟವಾದ ಒಂದು ಕಥೆ ಹೇಳಬೇಕು. ಇದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಸಹಿಸಿಕೊಳ್ಳಿ.

ಇಟಲಿಯ ಟ್ಯೂರಿನ್ ನಗರದಲ್ಲಿ ಆಂಜೆಲೊ ಮೊಸ್ಸೊ ಎಂಬ ಪ್ರಾಧ್ಯಾಪಕರಿದ್ದರು. 1846ರಲ್ಲಿ ಹುಟ್ಟಿದವರು, ಬಡಗಿಯ ಮಗ. ದೇಹಶಾಸ್ತ್ರದ ದೊಡ್ಡ ವಿದ್ವಾಂಸರಾದ ಮೇಲೂ ಮೈಮುರಿದು ದುಡಿಯುವವರ ಕಡೆಗೇ ಅವರ ಗಮನ. ಸಿಸಿಲಿಯ ಗಂಧಕದ ಗಣಿಗಳಲ್ಲಿ ಅದಿರು ಹೊತ್ತು ಏಣಿಯಂಥ ಮೆಟ್ಟಿಲು ಹತ್ತುತ್ತಿದ್ದ ಎಳೆ ಹುಡುಗರನ್ನು ಕುರಿತು ಅವರು ಬರೆದದ್ದನ್ನು ಓದಿದರೆ ಈಗಲೂ ಹೊಟ್ಟೆ ಕಿವುಚಿದಂತಾಗುತ್ತದೆ. ದಣಿವು, ದಣಿವು ಎಂದು ಎಲ್ಲರೂ ಹೇಳುತ್ತಾರೆ, ಅದನ್ನು ಅಳೆಯಲು ಸಾಧ್ಯವೇ ಎಂಬುದು ಅವರ ಪ್ರಶ್ನೆ. 1880ರ ದಶಕದಲ್ಲಿ ಅವರು ಎರ್ಗೋಗ್ರಾಫ್ ಎಂಬ ಯಂತ್ರ ಮಾಡಿದರು.

ಯಂತ್ರ ಹೇಗಿತ್ತು ಎಂದು ಹೇಳುತ್ತೇನೆ, ಕಣ್ಣಿಗೆ ಕಟ್ಟಿಕೊಳ್ಳಿ. ಮೇಜಿನ ಮೇಲೆ ಅಂಗೈ ಮೇಲಾಗಿ ಮುಂಗೈ ಚಾಚಬೇಕು. ಅದನ್ನು ಅಲ್ಲಾಡದಂತೆ ಹಿಡಿಕೆಗಳಲ್ಲಿ ಬಿಗಿಯುತ್ತಾರೆ. ತೋರುಬೆರಳು ಒಂದು ಕೊಳವೆಯೊಳಗೆ, ಉಂಗುರಬೆರಳು ಇನ್ನೊಂದು ಕೊಳವೆಯೊಳಗೆ. ಕದಲಲು ಉಳಿದದ್ದು ನಡುಬೆರಳು ಮಾತ್ರ. ಅದಕ್ಕೊಂದು ಕುಣಿಕೆ, ಕುಣಿಕೆಗೆ ದಾರ, ದಾರ ರಾಟೆಯ ಮೇಲೆ ಹಾದು ಆಚೆಗೆ ಇಳಿಬಿದ್ದ ತೂಕದ ಕಲ್ಲು. ಲಯ ಹೇಳುವ ಯಂತ್ರ ಟಕ್ ಎಂದಾಗಲೆಲ್ಲ ಬೆರಳು ಮಡಚಿ ತೂಕ ಎತ್ತಬೇಕು, ಇಳಿಸಬೇಕು. ದಾರಕ್ಕೆ ಸಿಕ್ಕಿಸಿದ ಮುಳ್ಳು, ಮಸಿ ಹಿಡಿಸಿದ ಉರುಳೆಯ ಮೇಲೆ ಪ್ರತಿ ಎತ್ತುವಿಕೆಗೂ ಒಂದು ಗೀಟು ಎಳೆಯುತ್ತದೆ. ಮೊದಲ ಗೀಟುಗಳು ಉದ್ದ, ಆಮೇಲಿನವು ಗಿಡ್ಡ, ಕೊನೆಗೆ ಬೆರಳು ಎಷ್ಟು ಹೆಣಗಿದರೂ ತೂಕ ಕದಲುವುದಿಲ್ಲ.

ಆ ಗೀಟುಗಳ ತುದಿಗಳನ್ನು ಸೇರಿಸಿದರೆ ಒಂದು ಇಳಿಜಾರು. ಆ ಇಳಿಜಾರು ಒಬ್ಬೊಬ್ಬರದು ಒಂದೊಂದು ಥರ. ಒಬ್ಬರದು ಕೊನೆಯವರೆಗೂ ಗಟ್ಟಿಯಾಗಿದ್ದು ಏಕಾಏಕಿ ಕುಸಿದರೆ, ಇನ್ನೊಬ್ಬರದು ಮೊದಲಿನಿಂದಲೇ ಮೆಲ್ಲಗೆ ಇಳಿಯುತ್ತದೆ. ವರ್ಷಗಳ ನಂತರ ಮತ್ತೆ ಎಳೆಸಿದರೂ ಗೆರೆ ನೋಡಿ ಇದು ಇಂಥವರದು ಎಂದು ಗುರುತಿಸಬಹುದಿತ್ತಂತೆ. ಎಲ್ಲರಿಗೂ ಒಂದೇ ಬಿಡುವಿನ ವೇಳಾಪಟ್ಟಿ ಹಾಕುವ ಮೇಲಧಿಕಾರಿಗಳು ಈ ಮಾತನ್ನು ದಯವಿಟ್ಟು ಎರಡು ಸಲ ಕೇಳಿಸಿಕೊಳ್ಳಬೇಕು.

ಮೊಸ್ಸೊ ಅವರ ಜೊತೆಗೆ ಮಜ್ಜೋರಾ ಎಂಬ ವೈದ್ಯರಿದ್ದರು. ಒಮ್ಮೆ ಅವರು ವಿದ್ಯಾರ್ಥಿಗಳ ಪರೀಕ್ಷೆ ಮಾಡಬೇಕಾಗಿ ಬಂತು. ಪರೀಕ್ಷೆಗೆ ಮುಂಚೆ ಒಂದು ಸಲ, ಮುಗಿಸಿ ಬಂದ ಮೇಲೆ ಒಂದು ಸಲ ಅವರ ಬೆರಳಿನ ಕಸುವು ಅಳೆದರು. ಗಂಟೆಗಟ್ಟಲೆ ಕೂತು ಪ್ರಶ್ನೆ ಕೇಳಿದ್ದಷ್ಟೇ, ಬೆರಳಿಗೆ ಕೆಲಸವೇ ಇರಲಿಲ್ಲ. ಆದರೂ ಬೆರಳಿನ ಕಸುವು ಎದ್ದು ಕಾಣುವಷ್ಟು ಇಳಿದುಹೋಗಿತ್ತು. ಮೇಷ್ಟರು ಹುಡುಗರಿಗಿಂತ ಹೆಚ್ಚು ದಣಿದಿದ್ದರೋ ಏನೋ, ಹುಡುಗರನ್ನು ಯಾರೂ ಅಳೆಯಲಿಲ್ಲ.

ಇದು ತಮಾಷೆಗೆ. ನಾನು ಹೇಳಬೇಕೆಂದಿದ್ದದ್ದು ಇದೇ ಮಜ್ಜೋರಾ ಅವರ ಇನ್ನೊಂದು ಪ್ರಯೋಗವನ್ನು. ಬೆರಳು ಪೂರ್ತಿ ಸೋತು ನಿಲ್ಲಬೇಕಾದರೆ ಸುಮಾರು 30 ಸಲ ಎತ್ತಬೇಕಿತ್ತು ಅಂದುಕೊಳ್ಳಿ. ಹಾಗೆ ಸೋತ ಬೆರಳು ಮತ್ತೆ ಮೊದಲಿನಂತಾಗಲು ಎಷ್ಟು ಹೊತ್ತು ಬೇಕಾಯಿತು? ಎರಡು ಗಂಟೆ. ಸರಿ. ಈಗ 30 ಬೇಡ, ಅದರ ಅರ್ಧ, 15ಕ್ಕೇ ನಿಲ್ಲಿಸಿದರು. ಅರ್ಧ ಕೆಲಸಕ್ಕೆ ಅರ್ಧ ವಿಶ್ರಾಂತಿ, ಒಂದು ಗಂಟೆ ಬೇಕು ಅಲ್ಲವೇ? ಇಲ್ಲ. ಅರ್ಧ ಗಂಟೆ ಸಾಕಾಯಿತು! ಕೆಲಸ ಅರ್ಧವಾದರೆ ಬೇಕಾದ ಬಿಡುವು ಕಾಲು ಭಾಗಕ್ಕೆ ಇಳಿಯಿತು.

ಈ ಲೆಕ್ಕವನ್ನು ಇನ್ನೊಂದು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 30 ಎತ್ತಿ ಎರಡು ಗಂಟೆ ಕೂರುವುದು ಒಂದು ದಾರಿ. 15 ಎತ್ತಿ ಅರ್ಧ ಗಂಟೆ, ಮತ್ತೆ 15 ಎತ್ತಿ ಅರ್ಧ ಗಂಟೆ ಎನ್ನುವುದು ಇನ್ನೊಂದು ದಾರಿ. ಅದೇ 30, ಆದರೆ ಒಟ್ಟು ಬಿಡುವು ಒಂದೇ ಗಂಟೆ. ಕೊನೆಯ 15 ಸಲ ಎತ್ತಿದ್ದು ಮೊದಲ 15ರ ಹಾಗಲ್ಲ. ಅದು ಸಾಲ ತಂದು ಮಾಡಿದ ಕೆಲಸ, ಬಡ್ಡಿ ಸಮೇತ ತೀರಿಸಬೇಕು. ಅಷ್ಟೇ ತೂಕವನ್ನು ಪ್ರತಿ ಎತ್ತುವಿಕೆಯ ನಡುವೆ ಹತ್ತು ಸೆಕೆಂಡು ಬಿಟ್ಟು ಎತ್ತಿಸಿದಾಗ ಬೆರಳು ಸೋಲಲೇ ಇಲ್ಲ. ತೂಕ ಅದೇ, ಬೆರಳು ಅದೇ, ಬದಲಾದದ್ದು ಬಿಡುವಿನ ಹೊತ್ತು ಮಾತ್ರ. ಸುಸ್ತಾಗುವ ಮೊದಲೇ ಸುಧಾರಿಸಿಕೊಳ್ಳಿ ಎಂದು ನಾನು ಹೋದಲ್ಲೆಲ್ಲ ಹೇಳುವುದು ಇದಕ್ಕೇ.

ಮೊಸ್ಸೊ ಅವರ ಯಂತ್ರಕ್ಕೆ ಒಂದೇ ತೊಡಕು. ಅಳೆಯಬೇಕಾದರೆ ಕೆಲಸ ನಿಲ್ಲಿಸಿ ಬಂದು ಮೇಜಿನ ಮುಂದೆ ಕೂರಬೇಕು. ನಡುಬೆರಳು ದಣಿದದ್ದನ್ನು ನೋಡಿ ಸೊಂಟದ ಸಮಾಚಾರ ಹೇಳಲಾಗದು. ಈಗಿನ ಸೆನ್ಸರ್ ಆ ತೊಡಕನ್ನು ಬಿಡಿಸಿದೆ. ಭಾರ ಎತ್ತುವವರಿಗೆ ಬೆನ್ನುಮೂಳೆಯ ಎರಡೂ ಪಕ್ಕದ ಸ್ನಾಯುಗಳ ಮೇಲೆ, ಕೈ ಮೇಲೆತ್ತಿ ಗೋಡೆಗೋ ಚಾವಣಿಗೋ ಬಣ್ಣ ಬಳಿಯುವವರಿಗೆ ಭುಜದ ಮೇಲೆ, ಕೂತು ಬೆರಳಾಡಿಸುವವರಿಗೆ ಕತ್ತು ಹೆಗಲು ಸೇರುವಲ್ಲಿ ಅಂಟಿಸಿದರಾಯಿತು.

ನಾನು ಮಾಡಿಸುವ ಕ್ರಮ ಸರಳ. ಪಾಳಿ ಶುರುವಾಗುವ ಮೊದಲು ಗೊತ್ತಾದ ಒಂದು ತೂಕವನ್ನು, ಗೊತ್ತಾದ ಭಂಗಿಯಲ್ಲಿ ಹತ್ತು ಸೆಕೆಂಡು ಹಿಡಿಯಬೇಕು. ಅದು ಆ ದಿನದ, ಆ ಮನುಷ್ಯರ ಮೂಲ ಅಳತೆ. ಆಮೇಲೆ ಕೆಲಸದ ನಡುನಡುವೆ ಅದೇ ತೂಕ, ಅದೇ ಭಂಗಿ, ಅದೇ ಹತ್ತು ಸೆಕೆಂಡು. ನಿಮ್ಮನ್ನು ನಿಮ್ಮ ಬೆಳಗಿನ ಅಳತೆಗೆ ಹೋಲಿಸಬೇಕೇ ಹೊರತು ಪಕ್ಕದವರ ಅಳತೆಗಲ್ಲ. ಚರ್ಮದ ಕೆಳಗಿನ ಕೊಬ್ಬು ಹೆಚ್ಚಿದ್ದರೆ ಸಂಕೇತ ಸಣ್ಣದಾಗಿ ಬರುತ್ತದೆ, ಬಿಲ್ಲೆ ಒಂದು ಬೆರಳು ಆಚೀಚೆಯಾದರೂ ಬದಲಾಗುತ್ತದೆ. ಹಾಗಾಗಿ ಇಬ್ಬರ ಅಂಕಿ ಪಕ್ಕಪಕ್ಕ ಇಟ್ಟು "ಇವನು ಗಟ್ಟಿ, ಅವನು ಮೆತ್ತಗೆ" ಅನ್ನುವುದು ಶುದ್ಧ ತಪ್ಪು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಒಂದು ಕಾರ್ಖಾನೆಗೆ ಹೋಗಿದ್ದಾಗ, ಹೆಸರು ಬೇಡ, ಅಲ್ಲಿಯ ಮೇಲ್ವಿಚಾರಕರೊಬ್ಬರು ನಾನು ಹೇಳಿದ್ದನ್ನೆಲ್ಲ ತಲೆದೂಗುತ್ತ ಕೇಳಿದರು. ಕೊನೆಗೆ ಹತ್ತಿರ ಬಂದು ದನಿ ತಗ್ಗಿಸಿ, "ಸರ್, ಇದರಲ್ಲಿ ಯಾರು ಮೈಗಳ್ಳರು ಅಂತ ಗೊತ್ತಾಗುತ್ತಾ?" ಅಂದರು. ಗೊತ್ತಾಗುವುದಿಲ್ಲ ಸ್ವಾಮಿ. ನೀವು ಬಿಡುವು ಕೊಟ್ಟಿಲ್ಲ ಎಂಬುದು ಗೊತ್ತಾಗುತ್ತದೆ. ಸೆನ್ಸರ್ ಅಂಟಿಸಿಕೊಂಡವರ ಮೈಯ ಮಾಹಿತಿ ಅವರ ಸ್ವತ್ತು. ಅವರನ್ನು ಕೇಳದೆ ಅದು ಯಾರ ಮೇಜಿಗೂ ಹೋಗಬಾರದು. ಕೂಲಿ ಕಡಿಯಲಿಕ್ಕೆ, ಕೆಲಸದಿಂದ ತೆಗೆಯಲಿಕ್ಕೆ ಅದನ್ನು ಬಳಸುವುದಾದರೆ ಯಾರೂ ಅದನ್ನು ಅಂಟಿಸಿಕೊಳ್ಳದಿರುವುದೇ ಲೇಸು.

"ನಮ್ಮದು ಭಾರ ಎತ್ತುವ ಕೆಲಸವೇ ಅಲ್ಲ, ನಮಗೇಕೆ ಇದು" ಅನ್ನುವವರಿದ್ದೀರಿ. ನಿಮಗೆ ನಾರ್ವೆಯ ಒಂದು ಅಧ್ಯಯನ ಹೇಳುತ್ತೇನೆ. 1990ರ ಆಸುಪಾಸಿನಲ್ಲಿ, ಇಡೀ ದಿನ ಒಂದೇ ಥರದ ಹಗುರ ಪ್ಯಾಕಿಂಗ್ ಕೆಲಸ ಮಾಡುವ ಹೆಂಗಸರ ಕತ್ತು ಹೆಗಲಿನ ಸ್ನಾಯುವಿಗೆ ಬಿಲ್ಲೆ ಅಂಟಿಸಿ ನೋಡಿದರು. ಭಾರ ಏನೇನೂ ಇಲ್ಲ. ಆದರೆ ಕೆಲವರ ಸ್ನಾಯು ಕೆಲಸದ ನಡುವೆ ಆಗಾಗ ಒಂದು ಕ್ಷಣ, ಕಣ್ಣು ಮಿಟುಕಿಸುವಷ್ಟು ಹೊತ್ತು, ಪೂರ್ತಿ ಮೌನವಾಗುತ್ತಿತ್ತು. ಇನ್ನು ಕೆಲವರದು ಹಾಗೆ ಸುಮ್ಮನಾಗುತ್ತಿದ್ದದ್ದು ಬಹಳ ಕಡಿಮೆ. ಮುಂದೆ ಹೆಗಲು ನೋವು ಬಂದದ್ದು ಹೆಚ್ಚಾಗಿ ಈ ಎರಡನೆಯ ಗುಂಪಿನವರಿಗೆ. ಸೆಕೆಂಡಿನ ಐದನೇ ಒಂದು ಭಾಗದಷ್ಟು ಬಿಡುವನ್ನೂ ಅವರು ಲೆಕ್ಕಕ್ಕೆ ಹಿಡಿದಿದ್ದರು ನೋಡಿ. ಇಂಥದ್ದನ್ನು ಯಾವ ಕಣ್ಣು, ಯಾವ ಗಡಿಯಾರ ಹಿಡಿದೀತು? ಕೀಲಿಮಣೆಯ ಮುಂದೆ ಹೆಗಲು ಏರಿಸಿಕೊಂಡೇ ಕೂತಿರುವವರು ಈಗ ಒಂದು ಸಲ ಇಳಿಸಿ.

ಗಡಿಯಾರ ಓಡುತ್ತಿದೆ. ಮೊಸ್ಸೊ ಅವರೇ ಅರ್ಧ ಹೊತ್ತು ತಿಂದರು. ಉಳಿದ ಸೆನ್ಸರ್‌ಗಳನ್ನು ಬೇಗ ಬೇಗ ಹೇಳುತ್ತೇನೆ.

ಚಲನೆ ಅಳೆಯುವ ಸೆನ್ಸರ್ ನಿಮ್ಮ ಫೋನಿನಲ್ಲೇ ಇದೆ. ಅದನ್ನು ಸೊಂಟಕ್ಕೋ ತೋಳಿಗೋ ಕಟ್ಟಿದರೆ ಎಷ್ಟು ಸಲ ಬಗ್ಗಿದಿರಿ, ಎಷ್ಟು ಕೋನಕ್ಕೆ ಬಗ್ಗಿದಿರಿ ಎಂದು ಬರೆದುಕೊಳ್ಳುತ್ತದೆ. ದಣಿದವರು ಮಂಡಿ ಮಡಚುವುದನ್ನು ಬಿಟ್ಟು ಸೊಂಟದಿಂದಲೇ ಬಾಗಲು ಶುರು ಮಾಡುತ್ತಾರೆ, ಕೈ ಸಣ್ಣಗೆ ನಡುಗುತ್ತದೆ. ಇವೆರಡನ್ನೂ ಅದು ಹಿಡಿಯುತ್ತದೆ. ಎದೆಪಟ್ಟಿ, ಕೈಗಡಿಯಾರಗಳು ಹೃದಯದ ಬಡಿತ ಹೇಳುತ್ತವೆ. ಇಡೀ ಮೈ ಎಷ್ಟು ದುಡಿಯುತ್ತಿದೆ ಎಂಬುದಕ್ಕೆ ಅದು ಸರಿ, ಆದರೆ ಯಾವ ಸ್ನಾಯು ಸೋತಿತು ಎಂಬುದು ಅದರಲ್ಲಿ ಗೊತ್ತಾಗದು. ಕೈಗಡಿಯಾರ ನೋಡಿ "ನನ್ನ ಸ್ನಾಯು ಚೆನ್ನಾಗಿದೆ" ಅನ್ನಬೇಡಿ. ಇನ್ನೊಂದು, ಬೆಳಕಿನ ಸೆನ್ಸರ್. ಕಣ್ಣಿಗೆ ಕಾಣದ ಅತಿಕೆಂಪು ಬೆಳಕು ಚರ್ಮ ದಾಟಿ ಸ್ನಾಯುವಿಗೆ ಇಳಿದು ವಾಪಸು ಬರುತ್ತದೆ. ಆಮ್ಲಜನಕ ಹೊತ್ತ ರಕ್ತ ಬೆಳಕನ್ನು ಹೀರುವ ರೀತಿಯೇ ಬೇರೆ, ಕಳೆದುಕೊಂಡ ರಕ್ತದ ರೀತಿಯೇ ಬೇರೆ. ಆ ವ್ಯತ್ಯಾಸದಿಂದ ಸ್ನಾಯುವಿನಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ತಿಳಿಯುತ್ತದೆ. ಓಟಗಾರರು, ಸೈಕಲ್ ಸವಾರರು ಇದನ್ನು ಆಗಲೇ ತೊಡೆಗೆ ಕಟ್ಟಿಕೊಂಡು ಓಡಾಡುತ್ತಿದ್ದಾರೆ. ದಿನವಿಡೀ ಹೊರೆ ಹೊರುವವರಿಗೆ ಅದು ಇನ್ನೂ ತಲುಪಿಲ್ಲ, ಅದೇ ನನ್ನ ಅಸಮಾಧಾನ.

ಮರುದಿನದ ಮೈಕೈ ನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಒಂದೆರಡು ಗಂಟೆಯಲ್ಲೇ ಖಾಲಿಯಾಗಿರುತ್ತದೆ. ನೋವು ಬರುವುದು ಎಳೆಗಳಿಗೆ ಆದ ಸಣ್ಣ ಪೆಟ್ಟಿನಿಂದ.

ಸೆನ್ಸರ್ ಸಿಗದವರು ಏನು ಮಾಡಬೇಕು? ಸ್ವೀಡನ್ನಿನ ಗುನ್ನಾರ್ ಬೋರ್ಗ್ ಎಂಬ ಮನೋವಿಜ್ಞಾನಿ ಬಿಟ್ಟಿ ಅಳತೆಗೋಲೊಂದನ್ನು ಕೊಟ್ಟಿದ್ದಾರೆ. ಸೊನ್ನೆಯಿಂದ ಹತ್ತರವರೆಗೆ ಅಂಕ. ಸೊನ್ನೆ ಅಂದರೆ ಏನೂ ಶ್ರಮವಿಲ್ಲ, ಹತ್ತು ಅಂದರೆ ಇನ್ನು ಆಗುವುದೇ ಇಲ್ಲ. ಕೆಲಸ ಮಾಡುತ್ತಲೇ ಕಾಲು ಗಂಟೆಗೊಮ್ಮೆ ನಿಮ್ಮ ಸೊಂಟಕ್ಕೆ, ನಿಮ್ಮ ಹೆಗಲಿಗೆ ಬೇರೆ ಬೇರೆಯಾಗಿ ಅಂಕ ಕೊಡಿ. ಇಡೀ ಮೈಗೆ ಒಂದೇ ಅಂಕ ಕೊಡಬೇಡಿ. ನನ್ನ ಕಟ್ಟಪ್ಪಣೆ ಏನೆಂದರೆ, ಯಾವುದೇ ಒಂದಕ್ಕೆ ಐದು ಬಂದರೆ ಹೊರೆ ಇಳಿಸಿ ಎರಡು ನಿಮಿಷ ಸುಧಾರಿಸಿಕೊಳ್ಳಿ. ಎಂಟರವರೆಗೆ ಕಾಯಬೇಡಿ. ಎಂಟಕ್ಕೆ ನಿಲ್ಲಿಸಿದವರು ಎರಡು ನಿಮಿಷದಲ್ಲಿ ಏಳುವುದಿಲ್ಲ, ಮಜ್ಜೋರಾ ಅವರ ಬೆರಳನ್ನು ನೆನಪಿಸಿಕೊಳ್ಳಿ.

ಕೆಲಸ ಮಾಡಿಸುವವರಿಗೆ ಒಂದು ಮಾತು ಉಳಿದಿದೆ. ಬೆಳಗ್ಗೆ ನಾಲ್ಕು ಗಂಟೆ ಎಡೆಬಿಡದೆ ದುಡಿಸಿ ಆಮೇಲೆ ಅರ್ಧ ಗಂಟೆ ಬಿಡುವು ಕೊಡುತ್ತೀರಿ. ಅದೇ ಅರ್ಧ ಗಂಟೆಯಲ್ಲಿ ಒಂಬತ್ತು ನಿಮಿಷವನ್ನು ಮುರಿದು, ಗಂಟೆಗೊಮ್ಮೆ ಮೂರು ನಿಮಿಷದಂತೆ ಮೊದಲೇ ಹಂಚಿ ನೋಡಿ. ಒಂದು ವಾರ ಮಾಡಿ, ಎಷ್ಟು ಪೆಟ್ಟಿಗೆ ಇಳಿಯಿತು ಎಂದು ನಿಮ್ಮ ಲೆಕ್ಕದ ಪುಸ್ತಕದಲ್ಲೇ ನೋಡಿಕೊಳ್ಳಿ, ನನ್ನನ್ನು ಕೇಳುವುದು ಬೇಡ.

ಗಾಜಿನಾಚೆಯಿಂದ ಕೈಸನ್ನೆ ಬರುತ್ತಿದೆ. ಬೆವರಿಗೆ ಬಿಲ್ಲೆ ಜಾರದಂತೆ ಏನು ಮಾಡಬೇಕು ಎಂಬುದನ್ನು ಬರೆದುಕೊಂಡು ಬಂದಿದ್ದೆ, ಅದು ಉಳಿದುಹೋಯಿತು. ಚರ್ಮಕ್ಕೆ ಒಗ್ಗುವ ಅಂಟುಪಟ್ಟಿಯನ್ನು ಮೇಲಿನಿಂದ ಅಡ್ಡಡ್ಡ ಸುತ್ತಿ, ಆದರೆ ಬಿಗಿಯಾಗಿ ಅಲ್ಲ. ನಮಸ್ಕಾರ.